ಸಹೋದ್ಯೋಗಿಗಳು ನಗುವ ಉಚ್ಚಾರ ಬೇರೆ, ಗ್ರಾಹಕರಿಗೆ ತೊಡಕಾಗುವ ಉಚ್ಚಾರ ಬೇರೆ

ಪ್ರಶ್ನೆ: ನಾನು ಮದ್ದೂರು ಕಡೆಯವಳು. ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂನಲ್ಲಿ ಓದಿದೆ. ಈಗ ಬೆಂಗಳೂರಿನ ಒಂದು ಕಂಪನಿಯಲ್ಲಿ ಟೆಕ್ನಿಕಲ್ ಸಪೋರ್ಟ್ ಕೆಲಸ. ದಿನವಿಡೀ ಫೋನಿನಲ್ಲಿ ಇಂಗ್ಲಿಷ್. ಗ್ರಾಹಕರಲ್ಲಿ ಅರ್ಧ ಜನ ಇಂಗ್ಲೆಂಡಿನ ಲೀಡ್ಸ್ ಕಡೆಯವರು, ಉಳಿದವರು ಅಮೆರಿಕದ ಟೆಕ್ಸಾಸಿನವರು. ನಾನು 'ಎರರ್' ಅಂದರೆ 'ಯೆರರ್' ಅಂತ ಕೇಳಿಸುತ್ತದಂತೆ. 'ಓಪನ್' ಅಂದರೆ 'ವೋಪನ್'. ಅವಸರದಲ್ಲಿ 'ಹಾರ್ಡ್ ಡಿಸ್ಕ್' ಹೋಗಿ 'ಆರ್ಡ್ ಡಿಸ್ಕ್' ಆಗುತ್ತದೆ. ಟೀಮಿನಲ್ಲಿ ನನಗೆ 'ಯೆರರ್ ಮೇಡಂ' ಅಂತ ಹೆಸರಿಟ್ಟಿದ್ದಾರೆ. ಈ ಸಲ ಅಪ್ರೈಸಲ್‌ನಲ್ಲಿ ಮ್ಯಾನೇಜರ್ 'ಎಂಟಿಐ ಜಾಸ್ತಿ' (ಮದರ್ ಟಂಗ್ ಇನ್‌ಫ್ಲುಯೆನ್ಸ್, ಅಂದರೆ ಇಂಗ್ಲಿಷಿನ ಮೇಲೆ ಮನೆಮಾತಿನ ಪ್ರಭಾವ) ಎಂದು ಬರೆದು, ಆಕ್ಸೆಂಟ್ ಟ್ರೇನಿಂಗ್ ಮಾಡಿಕೊಳ್ಳಿ ಅಂದರು. ವಿಚಾರಿಸಿದರೆ ಫೀಸು ನನ್ನ ತಿಂಗಳ ಸಂಬಳದ ಅರ್ಧದಷ್ಟಿದೆ. ನಮ್ಮ ಚಿಕ್ಕಮ್ಮ, "ಕನ್ನಡ ಮೀಡಿಯಂನವರಿಗೆ ನಾಲಿಗೆ ತಿರುಗಲ್ಲ ಕಣಮ್ಮ, ಬಿಡು" ಅನ್ನುತ್ತಾರೆ. ಲೀಡ್ಸಿನ ಗ್ರಾಹಕರು 'ಅಪ್‌ಡೇಟ್'ಗೆ 'ಉಪ್‌ಡೇಟ್' ಅನ್ನುತ್ತಾರೆ, ಅದಕ್ಕೆ ಮಾತ್ರ ಯಾರೂ ನಗುವುದಿಲ್ಲ. ನನ್ನ ಇಂಗ್ಲಿಷ್ ತಪ್ಪೇ? ದುಡ್ಡು ಕೊಟ್ಟು ಕೋರ್ಸ್ ಸೇರಲೇ? ಈಗೀಗ ಕನ್ನಡ ಮಾತಾಡುವಾಗಲೂ 'ಹ' ಸರಿಯಾಗಿ ಬರುತ್ತಿದೆಯಾ ಅಂತ ಭಯವಾಗುತ್ತದೆ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಕಲೆತುಹೋಗಿವೆ. ನನ್ನ ಉಚ್ಚಾರ ತಪ್ಪಾ ಅನ್ನುವುದು ಒಂದು. ಗ್ರಾಹಕರಿಗೆ ನನ್ನ ಮಾತು ಅರ್ಥವಾಗುತ್ತಿದೆಯಾ ಅನ್ನುವುದು ಇನ್ನೊಂದು. ಆಫೀಸಿನಲ್ಲಿ ಆಗುತ್ತಿರುವ ಅವಮಾನ ಮೂರನೆಯದು. ಇವನ್ನು ಬಿಡಿಬಿಡಿಯಾಗಿ ನೋಡದೆ ಕೋರ್ಸಿಗೆ ದುಡ್ಡು ಕಟ್ಟಬೇಡಿ.

ನಾನು ಬಹಳ ವರ್ಷಗಳಿಂದ ಇಂಗ್ಲಿಷ್ ಉಚ್ಚಾರ ಕಲಿಸುತ್ತಿದ್ದೇನೆ. ನಿಮ್ಮಂಥವರ ಕಾಲ್ ರೆಕಾರ್ಡಿಂಗ್‌ಗಳನ್ನು ಕೂತು ಕೇಳುವುದು ನನ್ನ ಕೆಲಸದ ದೊಡ್ಡ ಭಾಗ. ಅದರಿಂದ ನನಗೆ ಖಚಿತವಾಗಿ ಗೊತ್ತಾಗಿರುವ ಸಂಗತಿ ಇದು: ಆಫೀಸಿನಲ್ಲಿ ಜನ ಯಾವ ಉಚ್ಚಾರಕ್ಕೆ ನಗುತ್ತಾರೋ ಅದರಿಂದ ಗ್ರಾಹಕರಿಗೆ ತೊಂದರೆಯಾಗುವುದು ಬಹಳ ಕಡಿಮೆ. ಗ್ರಾಹಕರು "ಸಾರಿ? ಇನ್ನೊಂದು ಸಲ ಹೇಳ್ತೀರಾ?" ಅಂತ ಕೇಳುವ ಜಾಗಗಳೇ ಬೇರೆ. ಆ ಜಾಗಗಳಲ್ಲಿ ಯಾರೂ ನಗುವುದಿಲ್ಲ, ಯಾಕೆಂದರೆ ನಗುವವರೂ ಅದನ್ನೇ ಮಾಡುತ್ತಿರುತ್ತಾರೆ.

ಮೊದಲು ನಿಮ್ಮ 'ಯೆರರ್' ಎಲ್ಲಿಂದ ಬಂತು ನೋಡೋಣ. ಕನ್ನಡದಲ್ಲಿ ಪದದ ಮೊದಲಿಗೆ ಎ, ಏ ಬಂದರೆ ಅದರ ಮುಂದೆ ಸಣ್ಣದೊಂದು 'ಯ್' ತಾನಾಗಿ ಸೇರುತ್ತದೆ. ಬರೆಯುವುದು 'ಎಲೆ', ಅನ್ನುವುದು 'ಯೆಲೆ'. ಒ, ಓ ಬಂದರೆ 'ವ್' ಸೇರುತ್ತದೆ. ಬರೆಯುವುದು 'ಒಂದು', ಅನ್ನುವುದು 'ವೊಂದು'. ಇದು ಮಂಡ್ಯದವರದು ಮಾತ್ರ ಅಲ್ಲ, ಕನ್ನಡ ಮಾತಾಡುವ ಬಹುಪಾಲು ಜನರದ್ದು. ನೀವು ಇಂಗ್ಲಿಷಿಗೆ ಅದೇ ನಿಯಮ ಹಚ್ಚಿದ್ದೀರಿ, ಅಷ್ಟೆ. ಅದೇ ನಿಯಮದ ಇನ್ನೊಂದು ಮುಖವೂ ಇದೆ. 'ಯ್' ತಾನಾಗಿ ಬರುವ ಕಡೆ ಅದು ಇದೆಯೋ ಇಲ್ಲವೋ ನಮ್ಮ ಕಿವಿಗೆ ಒಂದೇ. ಹಾಗಾಗಿ ಇಂಗ್ಲಿಷಿನಲ್ಲಿ ವರ್ಷ ಅನ್ನುವ ಪದವೂ ಕಿವಿ ಅನ್ನುವ ಪದವೂ ನಮ್ಮ ಬಾಯಲ್ಲಿ 'ಇಯರ್' ಆಗುತ್ತವೆ. 'ಟೂ ಇಯರ್ಸ್ ವಾರಂಟಿ' ಅಂದರೆ ಗ್ರಾಹಕರು ಎರಡು ಕಿವಿ ಅಂತ ಅಂದುಕೊಳ್ಳುವುದಿಲ್ಲ. ಮಾತಿನ ಸಂದರ್ಭವೇ ಅರ್ಥ ಹೇಳಿಬಿಡುತ್ತದೆ.

'ಆರ್ಡ್ ಡಿಸ್ಕ್' ಮಾತ್ರ ನಿಮ್ಮ ಸೀಮೆಯದೇ. ಮಂಡ್ಯ, ರಾಮನಗರ, ಚಾಮರಾಜನಗರದ ಕಡೆ ಆಡುಮಾತಿನಲ್ಲಿ 'ಹ' ಬಿದ್ದುಹೋಗುತ್ತದೆ. ಹಾಲು 'ಆಲು', ಹಾಸನ 'ಆಸನ'. ಧಾರವಾಡದ ಕಡೆಯವರು 'ಹ್ಯಾಂಗ' ಅನ್ನುವಾಗ ಹಕಾರ ಗಟ್ಟಿಯಾಗಿ ಕೇಳಿಸುತ್ತದೆ, ಹಾಗಾಗಿ ಅವರ ಇಂಗ್ಲಿಷಿನಲ್ಲಿ ಈ ತೊಡಕಿಲ್ಲ. ಇನ್ನು ಲಂಡನ್ನಿನ ದುಡಿಯುವ ವರ್ಗದ ಕಾಕ್ನಿ ಮಾತಿನಲ್ಲಿ 'ಹೌಸ್' ಅನ್ನುವುದು 'ಔಸ್' ಆಗುತ್ತದೆ, ಥೇಟ್ ನಿಮ್ಮ ಹಾಗೆ. ಅಮೆರಿಕನ್ನರಲ್ಲಿ ಓದಿದವರೂ ಗಿಡಮೂಲಿಕೆಗೆ 'ಹರ್ಬ್' ಅನ್ನದೆ 'ಅರ್ಬ್' ಅನ್ನುತ್ತಾರೆ. ಇಂಗ್ಲಿಷಿನ ಎಚ್ ಅಕ್ಷರದ ಹೆಸರಿನದೇ ಒಂದು ದೊಡ್ಡ ಕತೆ. ನಮ್ಮಲ್ಲಿ 'ಎಚ್.ಡಿ. ಕೋಟೆ', 'ಹೆಚ್.ಡಿ. ಕೋಟೆ' ಎರಡನ್ನೂ ಬೋರ್ಡಿನಲ್ಲಿ ನೋಡುತ್ತೀರಿ. ಉತ್ತರ ಐರ್ಲೆಂಡಿನಲ್ಲಿ ಕ್ಯಾಥೊಲಿಕರು 'ಹೇಚ್', ಪ್ರೊಟೆಸ್ಟೆಂಟರು 'ಏಚ್' ಅನ್ನುವುದು ರೂಢಿ. ಅಲ್ಲಿ ಈ ಒಂದು ಅಕ್ಷರ ಕೇಳಿಯೇ ಎದುರಿನವರು ಯಾವ ಕಡೆಯವರು ಅಂತ ಲೆಕ್ಕ ಹಾಕಿದ್ದುಂಟು.

ಈಗ ನಿಮ್ಮ ಲೀಡ್ಸಿನ ಗ್ರಾಹಕರ 'ಉಪ್‌ಡೇಟ್'. ಇಂಗ್ಲೆಂಡಿನ ಉತ್ತರ ಭಾಗದಲ್ಲಿ 'ಕಪ್' ಅನ್ನುವುದು 'ಕುಪ್', 'ಪ್ಲಗ್' ಅನ್ನುವುದು 'ಪ್ಲುಗ್'. ಇದರಲ್ಲಿ ಹಳೆಯದು ಅವರದೇ. 17ನೇ ಶತಮಾನದಲ್ಲಿ ದಕ್ಷಿಣದವರು ಆ 'ಉ'ವನ್ನು 'ಅ' ಕಡೆಗೆ ಜಾರಿಸಿಕೊಂಡರು, ಉತ್ತರದವರು ಇದ್ದಲ್ಲೇ ಇದ್ದರು. ಲಂಡನ್ ದಕ್ಷಿಣದಲ್ಲಿದೆ. ಅಧಿಕಾರ, ದುಡ್ಡು, ದೊಡ್ಡ ಶಾಲೆಗಳು ಅಲ್ಲಿದ್ದವು. ಹಾಗಾಗಿ ಹೊಸದೇ 'ಸರಿ' ಅನ್ನಿಸಿಕೊಂಡಿತು. ಬಿಬಿಸಿ 1926ರಲ್ಲಿ ಉಚ್ಚಾರ ತೀರ್ಮಾನಿಸಲು ಒಂದು ಸಲಹಾ ಸಮಿತಿಯನ್ನೇ ಮಾಡಿತ್ತು. ಯಾರ್ಕ್‌ಶೈರಿನ ವಿಲ್ಫ್ರೆಡ್ ಪಿಕಲ್ಸ್ 1941ರಲ್ಲಿ ತಮ್ಮ ಊರಿನ ಧಾಟಿಯಲ್ಲೇ ದೇಶಕ್ಕೆಲ್ಲ ವಾರ್ತೆ ಓದಿದಾಗ ಅದು ದೊಡ್ಡ ಸುದ್ದಿಯಾಯಿತು. ಲೀಡ್ಸ್ ಇರುವುದೂ ಅದೇ ಯಾರ್ಕ್‌ಶೈರಿನಲ್ಲಿ. ಅಂದರೆ ನಿಮ್ಮ ಗ್ರಾಹಕರೂ ತಮ್ಮ ದೇಶದಲ್ಲಿ ನಗೆಗೆ ಗುರಿಯಾದವರೇ. ಲಂಡನ್ನಿಗೆ ಕೆಲಸಕ್ಕೆ ಹೋದ ಉತ್ತರದವರನ್ನು ಕೇಳಿ ನೋಡಿ, ಹೇಳುತ್ತಾರೆ. ಬೆಂಗಳೂರಿನ ನಿಮ್ಮ ಟೀಮಿಗೆ ಮಾತ್ರ ಅವರು 'ಇಂಗ್ಲಿಷಿನವರು', ಹಾಗಾಗಿ ಅವರು ಅಂದದ್ದೆಲ್ಲ ಸರಿ.

ಟೆಕ್ಸಾಸಿನವರ ಮಾತು ಗಮನಿಸಿ. ಅಮೆರಿಕದ ದಕ್ಷಿಣದಲ್ಲಿ 'ಪೆನ್' ಮತ್ತು 'ಪಿನ್' ಒಂದೇ ಥರ ಕೇಳಿಸುತ್ತವೆ. 'ಸೆಂಡ್' ಅನ್ನುವುದು 'ಸಿಂಡ್' ಕಡೆಗೆ ವಾಲುತ್ತದೆ. ಗೊಂದಲ ಆಗದಿರಲಿ ಅಂತ ಅಲ್ಲಿನವರು ಬರೆಯುವ ಪೆನ್ನಿಗೆ 'ಇಂಕ್ ಪೆನ್' ಅನ್ನುವುದುಂಟು. 'ವಾಟರ್' ನಡುವಿನ 'ಟ' ಅಮೆರಿಕನ್ನರ ಬಾಯಲ್ಲಿ ನಮ್ಮ ರಕಾರದ ಹತ್ತಿರ ಬರುತ್ತದೆ. ದಿನಾ ನೀವು ಹೇಳುವ 'ರೌಟರ್' ಪದವನ್ನೇ ತಗೊಳ್ಳಿ. ಅಮೆರಿಕನ್ನರಿಗೆ ಅದು 'ರೌಟರ್', ಬ್ರಿಟಿಷರಿಗೆ 'ರೂಟರ್'. 'ಶೆಡ್ಯೂಲ್', 'ಸ್ಕೆಜೂಲ್' ಕೂಡ ಹೀಗೇ, ಆದರೆ ಬ್ರಿಟನ್ನಿನ ಹೊಸ ತಲೆಮಾರು ಈಗ ಅಮೆರಿಕದ್ದನ್ನೇ ಹಿಡಿಯುತ್ತಿದೆ. ನಮ್ಮ ದೇಶದಿಂದ ಹೋದ 'ಪೈಜಾಮ' ಕೂಡ ಅಮೆರಿಕದಲ್ಲಿ ಒಂದು ಊರಿನಲ್ಲಿ 'ಪಜಾಮ', ಇನ್ನೊಂದು ಊರಿನಲ್ಲಿ 'ಪಜ್ಯಾಮ'.

ಯಾವುದು ಸರಿ ಅನ್ನುವುದನ್ನು ನಿರ್ಧರಿಸುವುದು ನಾಲಿಗೆಯಲ್ಲ, ಸಮಾಜದ ಮೇಲು ಕೀಳು. ಅದಕ್ಕೆ ನನಗೆ ಬಹಳ ಇಷ್ಟವಾದ ಸಾಕ್ಷಿ ಇದೆ. 1962ರಲ್ಲಿ ವಿಲಿಯಂ ಲಬೋವ್ ಎಂಬ ಭಾಷಾತಜ್ಞ ನ್ಯೂಯಾರ್ಕಿನ ಮೂರು ಅಂಗಡಿಗಳಿಗೆ ಹೋದರು. ಒಂದು ಶ್ರೀಮಂತರದ್ದು, ಒಂದು ಮಧ್ಯಮ ವರ್ಗದ್ದು, ಇನ್ನೊಂದು ಅಗ್ಗದ್ದು. ನಾಲ್ಕನೇ ಮಹಡಿಯಲ್ಲಿರುವ ಯಾವುದೋ ಸಾಮಾನು ಎಲ್ಲಿದೆ ಅಂತ ಅಲ್ಲಿನ ಕೆಲಸಗಾರರನ್ನು ಕೇಳಿದರು. ಅವರು 'ಫೋರ್ತ್ ಫ್ಲೋರ್' ಅನ್ನುತ್ತಿದ್ದರು. ತಮಗೆ ಕೇಳಿಸಲಿಲ್ಲ ಅನ್ನುವ ಹಾಗೆ ನಟಿಸಿ ಇನ್ನೊಂದು ಸಲ ಹೇಳಿಸಿದರು. ಹೀಗೆ 264 ಜನರ ಮಾತು ದಾಖಲಾಯಿತು. ಶ್ರೀಮಂತರ ಅಂಗಡಿಯವರು ರಕಾರವನ್ನು ಹೆಚ್ಚು ಹೇಳುತ್ತಿದ್ದರು, ಅಗ್ಗದ ಅಂಗಡಿಯವರು ಎಲ್ಲರಿಗಿಂತ ಕಡಿಮೆ. ನ್ಯೂಯಾರ್ಕಿನಲ್ಲಿ ರಕಾರ ನುಂಗಿದರೆ ಕೀಳು. ಲಂಡನ್ನಿನಲ್ಲಿ ಅದೇ ರಕಾರವನ್ನು ನುಂಗುವುದೇ ಮೇಲು. ಧ್ವನಿ ಒಂದೇ, ಮರ್ಯಾದೆ ಮಾತ್ರ ತಿರುಗುಮುರುಗು. ನಾವು 'ಕಾರು' ಅಂತ ರಕಾರ ತುಂಬಿಸಿ ಹೇಳುತ್ತೇವೆ. ಸ್ಕಾಟ್ಲೆಂಡಿನವರೂ ರಕಾರ ಬಿಡುವುದಿಲ್ಲ.

ಇನ್ನು ಚಿಕ್ಕಮ್ಮನ ಮಾತು. ಇದನ್ನು ಪ್ರೀತಿಯಿಂದಲೇ ಹೇಳಿರುತ್ತಾರೆ, ಆದರೆ ನಿಜವಲ್ಲ. ಕನ್ನಡದ ಳ, ಣ ಹೇಳುವ ನಾಲಿಗೆ ನಿಮ್ಮದು. ಇಂಗ್ಲಿಷ್ ಮನೆಮಾತಿನವರು ಅದನ್ನು ಕಲಿಯಲು ತಿಂಗಳುಗಟ್ಟಲೆ ಒದ್ದಾಡುತ್ತಾರೆ. ನಾಲಿಗೆಯಲ್ಲಿ ದೋಷ ಇದೆಯಾ ಅಂತ ತಿಳಿಯಲು ಸುಲಭದ ದಾರಿ ಇದೆ. ಕನ್ನಡದಲ್ಲೂ ನಿಮಗೆ ಸ, ರ ತರಹದ ಧ್ವನಿಗಳು ಹೊರಡುವುದಿಲ್ಲವಾ? ಮಾತು ತಡವರಿಸುತ್ತದಾ? ಕಿವಿ ಮಂದವಾ? ಹಾಗಿದ್ದರೆ ವಾಕ್ ಚಿಕಿತ್ಸಕರನ್ನು ಕಾಣಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದನ್ನೆಲ್ಲ ಪರೀಕ್ಷೆ ಮಾಡುತ್ತಾರೆ. ಕನ್ನಡ ಸಲೀಸಾಗಿದ್ದು ಇಂಗ್ಲಿಷ್ ಮಾತ್ರ ಬೇರೆ ಥರ ಕೇಳಿಸಿದರೆ ಅದು ಕಾಯಿಲೆ ಅಲ್ಲ, ಅಭ್ಯಾಸ. ಚಿಕ್ಕಂದಿನಲ್ಲಿ ಕಿವಿ ಯಾವ ಧ್ವನಿಗಳನ್ನು ಬೇರೆ ಬೇರೆ ಎಂದು ಗುರುತಿಸಲು ಕಲಿಯಿತೋ ಅದೇ ಜಾಲರಿಯಲ್ಲಿ ಹೊಸ ಭಾಷೆಯನ್ನೂ ಸೋಸುತ್ತದೆ. ದೊಡ್ಡವರಾದ ಮೇಲೆ ಜಾಲರಿ ಪೂರ್ತಿ ಬದಲಾಗುವುದು ಕಷ್ಟ. ಆದರೆ ಆರಿಸಿಕೊಂಡ ನಾಲ್ಕೈದು ಧ್ವನಿಗಳನ್ನು ಯಾವ ವಯಸ್ಸಿನಲ್ಲೂ ಕಲಿಯಬಹುದು. ಇದನ್ನು ನಾನು ತರಗತಿಗಳಲ್ಲಿ ಕಣ್ಣಾರೆ ಕಂಡಿದ್ದೇನೆ.

ಕನ್ನಡ ಮೀಡಿಯಂ ಅನ್ನುವುದೂ ಪೂರ್ತಿ ಕಾರಣವಲ್ಲ. ಕಾನ್ವೆಂಟಿನಲ್ಲಿ ಓದಿದವರಿಗೂ ಕಲಿಸಿದ್ದು ನಮ್ಮ ನಿಮ್ಮಂಥ ಮೇಷ್ಟ್ರುಗಳೇ. ನಿಮ್ಮ ಟೀಮಿನಲ್ಲಿ ಮಲಯಾಳಿ ಇದ್ದರೆ ಅವರು 'ಓಫೀಸ್' ಅನ್ನುತ್ತಿರಬಹುದು. ಬಂಗಾಳದವರು 'ವೆರಿ'ಯನ್ನು 'ಭೆರಿ' ಮಾಡುತ್ತಾರೆ. ಉತ್ತರ ಪ್ರದೇಶದ ಕೆಲವರಿಗೆ ಸ್ಟೇಷನ್ 'ಇಸ್ಟೇಷನ್'. ನಮ್ಮ ಹಳ್ಳಿಗಳ 'ಇಸ್ಕೂಲು' ಕೂಡ ಅದೇ ಜಾತಿಯದು. 'ಫಿಲಂ' ಅಂತ ನಡುವೆ ಸ್ವರ ಸೇರಿಸುವುದು ನಮ್ಮ ಹಾಗೆ ಐರ್ಲೆಂಡಿನವರಿಗೂ ಇದೆ. 'ಥ್ಯಾಂಕ್ಸ್' ಅನ್ನುವಾಗ ನಾವು ಹಲ್ಲಿಗೆ ನಾಲಿಗೆ ಒತ್ತಿ ಹೇಳುವ ಧ್ವನಿಯನ್ನೇ ಅಲ್ಲಿ ಬಹಳ ಜನ ಹೇಳುತ್ತಾರೆ.

ಹಾಗಾದರೆ ಗ್ರಾಹಕರಿಗೆ ನಿಜವಾಗಿ ತೊಡಕಾಗುವುದು ಎಲ್ಲಿ? ಕೆನಡಾದ ಮನ್ರೋ ಮತ್ತು ಡರ್ವಿಂಗ್ 1995ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಚೀನೀ ಮನೆಮಾತಿನವರ ಇಂಗ್ಲಿಷನ್ನು ಇಂಗ್ಲಿಷ್ ಮನೆಮಾತಿನವರಿಗೆ ಕೇಳಿಸಿದರು. ಉಚ್ಚಾರ ತುಂಬಾ ಪರಕೀಯವಾಗಿದೆ ಅಂತ ಅಂಕ ಕೊಟ್ಟವರೇ, ಹೇಳಿದ ವಾಕ್ಯಗಳನ್ನು ಎಷ್ಟೋ ಸಲ ತಪ್ಪಿಲ್ಲದೆ ಬರೆದುಕೊಂಡಿದ್ದರು. ಬೇರೆ ಥರ ಕೇಳಿಸುವುದು ಬೇರೆ, ಅರ್ಥವಾಗದಿರುವುದು ಬೇರೆ. ನನ್ನ ಅನುಭವದಲ್ಲಿ ಕನ್ನಡಿಗರಿಗೆ ನಿಜವಾಗಿ ಏಟು ಕೊಡುವುದು ಇವು.

ಎಲ್ಲಕ್ಕಿಂತ ದೊಡ್ಡದು ಒತ್ತು. ಕನ್ನಡದಲ್ಲಿ ಎಲ್ಲ ಅಕ್ಷರಗಳನ್ನೂ ಹೆಚ್ಚುಕಡಿಮೆ ಸಮವಾಗಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಪದದ ಒಂದು ಭಾಗ ಉಬ್ಬಬೇಕು, ಉಳಿದದ್ದು ಕುಗ್ಗಬೇಕು. 'ಡೆವಲಪ್' ಅಂದರೆ ಒತ್ತು ನಡುವೆ. 'ಫೋಟೋಗ್ರಾಫ್' ಅಂದರೆ ಮೊದಲಿಗೆ, 'ಫೋಟೋಗ್ರಾಫರ್' ಅಂದಾಗ ಎರಡನೆಯ ಭಾಗಕ್ಕೆ ಜಾರುತ್ತದೆ. ಇಂಗ್ಲಿಷಿನವರ ಕಿವಿ ಆ ಉಬ್ಬನ್ನು ಹಿಡಿದೇ ಪದ ಗುರುತಿಸುತ್ತದೆ. ಒತ್ತು ತಪ್ಪಿದರೆ ಪ್ರತಿ ಧ್ವನಿಯೂ ಸರಿಯಿದ್ದರೂ ಪದ ಸಿಗುವುದಿಲ್ಲ. ನಿಮ್ಮ ಕೆಲಸದಲ್ಲಿ ಇದು ದುಡ್ಡಿನ ಪ್ರಶ್ನೆಯೂ ಹೌದು. 'ಫಿಫ್ಟೀನ್', 'ಫಿಫ್ಟಿ' ಎರಡನ್ನೂ ಒಂದೇ ತೂಕದಲ್ಲಿ ಹೇಳಿದರೆ ಹದಿನೈದು ಡಾಲರ್ ಐವತ್ತಾಗುತ್ತದೆ. ಮೊದಲನೆಯದರಲ್ಲಿ 'ಟೀನ್' ಎಳೆದು ಒತ್ತಿ, ಕೊನೆಯ 'ನ್' ಬಿಡಬೇಡಿ. ಎರಡನೆಯದರಲ್ಲಿ 'ಫಿಫ್' ಒತ್ತಿ, 'ಟಿ' ಚಿಕ್ಕದಾಗಿ ಮುಗಿಸಿ.

ಎರಡನೆಯದು ಪದದ ಮೊದಲಿನ ಪ, ಟ, ಕ. ಇಂಗ್ಲಿಷಿನವರು ಇವನ್ನು ಉಸಿರು ಹೊರಗೆ ತಳ್ಳಿ ಹೇಳುತ್ತಾರೆ. ನಾವು ಉಸಿರಿಲ್ಲದೆ ಹೇಳುತ್ತೇವೆ. ನಮ್ಮ 'ಪೇ' ಅವರಿಗೆ 'ಬೇ' ಅಂತ ಕೇಳಿಸಬಹುದು. ಬಾಯಿ ಮುಂದೆ ಅಂಗೈ ಇಟ್ಟು 'ಪೋರ್ಟ್', 'ಕೇಬಲ್' ಅನ್ನಿ. ಗಾಳಿ ತಾಗಬೇಕು. ಇದು ಬೇಗ ಬರುತ್ತದೆ.

ಮೂರನೆಯದು ಅಕ್ಷರಗಳ ಹೆಸರು. ಕನ್ನಡದಲ್ಲಿ 'ಜ಼' ಇಲ್ಲ, 'ಜ' ಇದೆ. ಮನೆಯಲ್ಲಿ ಉರ್ದು ಮಾತಾಡುವವರಿಗೆ ಇದು ತಾನಾಗಿ ಬರುತ್ತದೆ, ನಮಗೆ ಕಲಿಯಬೇಕು. ಟೆಕ್ಸಾಸಿನವರ ಕೊನೆಯ ಅಕ್ಷರ 'ಜ಼ೀ'. ಅದನ್ನು ನೀವು 'ಜೀ' ಅಂದರೆ ಅವರು 'ಜಿ' ಅಕ್ಷರ ಟೈಪ್ ಮಾಡುತ್ತಾರೆ, ಪಾಸ್‌ವರ್ಡ್ ತೆರೆಯುವುದಿಲ್ಲ. ಲೀಡ್ಸಿನವರಿಗೆ ಅದೇ ಅಕ್ಷರ 'ಜ಼ೆಡ್'. ಸೀರಿಯಲ್ ನಂಬರ್ ಹೇಳುವಾಗ ಎ, ಬಿ, ಸಿ ಬದಲು ಒಂದೊಂದು ಅಕ್ಷರಕ್ಕೂ ಒಂದು ಪದ ಹೇಳುವ 'ಆಲ್ಫಾ, ಬ್ರಾವೊ, ಚಾರ್ಲಿ' ಪಟ್ಟಿ ಬಳಸಿ. ಎ, ಇ ಅಕ್ಷರಗಳಿಗೆ ನೀವು ಅನ್ನುವ 'ಯೇ', 'ಯೀ' ತೊಡಕಾಗಬಹುದಾದ ಜಾಗವೂ ಇದೊಂದೇ, ಈ ಪಟ್ಟಿಯಿಂದ ಅದೂ ತೀರುತ್ತದೆ.

ಇದರ ಜೊತೆ ವೇಗ. ಅಳುಕಿದವರು ಬೇಗ ಬೇಗ ಮಾತಾಡಿ ಮುಗಿಸುತ್ತಾರೆ. ನಿಮ್ಮ ಹಕಾರ ಬೀಳುವುದೂ ಅವಸರದಲ್ಲೇ ಅಂದಿರಲ್ವಾ? ನಿಧಾನವಾಗಿ ಮಾತಾಡಿದರೆ ಅರ್ಧ ಸರಿಹೋಗುತ್ತದೆ.

ಈಗ ನಿಮ್ಮ ಮುಂದಿರುವ ದಾರಿಗಳು. ಏನೂ ಮಾಡದೆ ಸುಮ್ನೆ ಇರುವುದು ಒಂದು. ಗ್ರಾಹಕರ ಕಿವಿ ಒಂದೆರಡು ನಿಮಿಷದಲ್ಲಿ ಹೊಸ ಉಚ್ಚಾರಕ್ಕೆ ಹೊಂದಿಕೊಳ್ಳುತ್ತದೆ, ಹಾಗಾಗಿ ಕೆಲಸ ನಡೆಯುತ್ತದೆ. ಅಪಾಯ ಇರುವುದು ಅಪ್ರೈಸಲ್‌ನಲ್ಲಿ. ಉಚ್ಚಾರ ನೋಡಿ ಸಾಮರ್ಥ್ಯ ಅಳೆಯುವ ಕೆಟ್ಟ ಅಭ್ಯಾಸ ಆಫೀಸುಗಳಲ್ಲಿ ಇದೆ, ಇಲ್ಲ ಅಂತ ಹೇಳಿ ನಿಮ್ಮನ್ನು ಸಮಾಧಾನ ಮಾಡಲಾರೆ.

ಕೋರ್ಸ್ ಇನ್ನೊಂದು ದಾರಿ. ಒಳ್ಳೆಯವರೂ ಇದ್ದಾರೆ. ಆದರೆ ಮೊದಲೇ ಕೇಳಿ: ಸೇರಿಸಿಕೊಳ್ಳುವ ಮುಂಚೆ ನನ್ನ ಮಾತು ರೆಕಾರ್ಡ್ ಮಾಡಿ ಪರೀಕ್ಷಿಸುತ್ತೀರಾ? ಬ್ಯಾಚಿನಲ್ಲಿ ಎಷ್ಟು ಜನ? ಒತ್ತು ಕಲಿಸುತ್ತೀರಾ? 'ನ್ಯೂಟ್ರಲ್ ಆಕ್ಸೆಂಟ್' ಕೊಡುತ್ತೇವೆ ಅಂದರೆ, ಅದು ಯಾವ ಊರಿನದು ಅಂತ ಕೇಳಿ. ಯಾವ ಊರಿನದೂ ಅಲ್ಲದ ಉಚ್ಚಾರ ಭೂಮಿಯ ಮೇಲಿಲ್ಲ. ಒಂದು ತಿಂಗಳಲ್ಲಿ ಅಮೆರಿಕನ್ನರ ಹಾಗೆ ಮಾತಾಡಿಸುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ಅಲ್ಲಿಂದ ಬಂದವರು 'ವೆರಿ' ಅನ್ನುವ ಕಡೆಯೆಲ್ಲ ತುಟಿ ದುಂಡಗೆ ಮಾಡುತ್ತಾರೆ. ಹಕಾರದ ಭಯ ಹತ್ತಿದವರು 'ಎರರ್' ಬದಲು 'ಹೆರರ್' ಅನ್ನಲು ಶುರು ಮಾಡುತ್ತಾರೆ. ಮೊದಲು ಅರ್ಥವಾಗುತ್ತಿದ್ದದ್ದು ಆಗ ಅರ್ಥವಾಗದು. ಕಂಪನಿಗೆ ಇದು ಬೇಕೇ ಬೇಕು ಅಂದರೆ ಫೀಸು ಕಂಪನಿಯೇ ಕೊಡಲಿ, ಹಾಗೆ ಕೇಳಲು ಸಂಕೋಚ ಬೇಡ.

ಕಾಲ್ ಸೆಂಟರ್‌ಗಳಿಗೆ ಈಗ ಮಾತಾಡುವಾಗಲೇ ಉಚ್ಚಾರ ಬದಲಿಸುವ ಸಾಫ್ಟ್‌ವೇರೂ ಬಂದಿದೆ. ಕಂಪನಿ ಹಾಕಿದರೆ ಬಳಸಿ. ಆದರೆ ಕೆಲಸ ಬದಲಾಯಿಸಿದ ದಿನ ಅದು ನಿಮ್ಮ ಜೊತೆ ಬರುವುದಿಲ್ಲ.

ನಾನು ನಿಮಗೆ ಹೇಳುವುದು ಇದನ್ನು. ನಿಮ್ಮದೇ ಹಳೆಯ ಕಾಲ್‌ಗಳಲ್ಲಿ ಒಂದು ಇಪ್ಪತ್ತನ್ನು ಕೇಳಲು ಅನುಮತಿ ಪಡೆಯಿರಿ. ಗ್ರಾಹಕರು ಎಲ್ಲೆಲ್ಲಿ 'ಸಾರಿ?' ಅಂದರು, ಎಲ್ಲಿ ತಪ್ಪು ತಿಳಿದರು, ಬರೆದುಕೊಳ್ಳಿ. ಅದಕ್ಕೆ ಮುಂಚೆ ನೀವು ಹೇಳಿದ ಪದ ಯಾವುದು ಅದನ್ನೂ ಬರೆಯಿರಿ. ಪಟ್ಟಿ ಉದ್ದ ಇರುವುದಿಲ್ಲ ನೋಡಿ, ಅದೇ ಪದಗಳು ಮತ್ತೆ ಮತ್ತೆ ಬರುತ್ತವೆ. ಡಿಕ್ಷನರಿ ಆ್ಯಪ್‌ನಲ್ಲಿ ಆ ಪದಗಳ ಒತ್ತು ಕೇಳಿ, ನಿಮ್ಮ ಮೊಬೈಲಿನಲ್ಲಿ ನೀವೇ ಹೇಳಿ ರೆಕಾರ್ಡ್ ಮಾಡಿ, ಎರಡನ್ನೂ ಹೋಲಿಸಿ. ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು, ಆದರೆ ಕೆಲವು ತಿಂಗಳು ಬಿಡದೆ ಮಾಡಬೇಕು. ಬಿಡಿ ಪದ ಬಂದ ಮೇಲೆ ಕಾಲ್‌ನಲ್ಲಿ ಹೇಳುವ ಪೂರ್ತಿ ವಾಕ್ಯದಲ್ಲಿ ಹೇಳಿ. ಇಲ್ಲದಿದ್ದರೆ ಅಭ್ಯಾಸದಲ್ಲಿ ಬಂದದ್ದು ಫೋನ್ ಎತ್ತಿದ ಕೂಡಲೇ ಮಾಯವಾಗುತ್ತದೆ.

'ಯೆರರ್' ತಿದ್ದಿಕೊಳ್ಳಬೇಕು ಅಂತ ನಿಮಗೇ ಅನ್ನಿಸಿದರೆ ಅದೂ ಸಾಧ್ಯ. ಮುಂದೆ ಒಂದು ಪದ ಸೇರಿಸಿ: 'ಆ್ಯನ್ ಎರರ್'. ಆ 'ನ್' ಮುಂದಿನ ಸ್ವರಕ್ಕೆ ಅಂಟಿಕೊಂಡು 'ನೆರರ್' ಥರ ಬರಲಿ, 'ಯ್' ನುಸುಳಲು ಜಾಗ ಇರುವುದಿಲ್ಲ. 'ಓಪನ್'ಗೂ ಇದೇ ಉಪಾಯ, 'ಕ್ಯಾನ್ ಓಪನ್' ಅಂತ ಸೇರಿಸಿ ಹೇಳಿ. ಆದರೆ ಇದು ಪಟ್ಟಿಯ ಕೊನೆಯಲ್ಲಿರಲಿ.

ಅಡ್ಡಹೆಸರಿನ ವಿಷಯ ಉಚ್ಚಾರದ್ದಲ್ಲ, ನಡವಳಿಕೆಯದು. ಹಾಗೆ ಕರೆಯಬೇಡಿ ಎಂದು ಒಂದು ಸಲ ನೇರವಾಗಿ ಹೇಳಿ. ನಿಲ್ಲದಿದ್ದರೆ ಎಚ್‌ಆರ್‌ಗೆ ಬರೆದು ಕೊಡಿ. ಮ್ಯಾನೇಜರ್ ಹತ್ತಿರ ಬೇರೆಯಾಗಿ ಮಾತಾಡಿ. 'ಎಂಟಿಐ' ಅಂತ ಸುಮ್ಮನೆ ಬರೆದರೆ ಅದರಿಂದ ತಿದ್ದಿಕೊಳ್ಳಲು ಏನೂ ಸಿಗುವುದಿಲ್ಲ. ಯಾವ ಕಾಲ್, ಯಾವ ಪದ, ಗ್ರಾಹಕರಿಗೆ ಏನು ಅರ್ಥವಾಗಲಿಲ್ಲ ಅಂತ ತೋರಿಸಲು ಕೇಳಿ. ನಿಮ್ಮ ಕೈಯಲ್ಲಿ ನೀವೇ ಮಾಡಿದ ಪಟ್ಟಿ ಇದ್ದರೆ ಈ ಮಾತುಕತೆ ಸಲೀಸು.

ಕನ್ನಡದಲ್ಲಿ 'ಹ' ಹುಡುಕುವುದನ್ನು ಇವತ್ತೇ ಬಿಡಿ. ಮದ್ದೂರಿನಲ್ಲಿ 'ಓಗ್ಬುಟ್ಟು ಬತ್ತೀನಿ' ಅಂದರೆ ಅರ್ಥವಾಗದವರು ಯಾರಿದ್ದಾರೆ? ಪದದ ಮೊದಲ ಧ್ವನಿ ಸವೆಯುವುದು ಕನ್ನಡಕ್ಕೆ ಹೊಸದೂ ಅಲ್ಲ, ಹಳಗನ್ನಡದ 'ಪಾಲ್' ಸವೆದೇ 'ಹಾಲು' ಆದದ್ದು. ಇಂಗ್ಲಿಷಿನ ಪ್ರಾಕ್ಟೀಸಿಗೂ ಇದರಿಂದ ನಷ್ಟವೇ. ಎರಡೂ ಭಾಷೆಯಲ್ಲಿ ಕಾವಲು ಕೂತವರಿಗೆ ಯಾವುದರಲ್ಲೂ ಮಾತು ಹರಿಯುವುದಿಲ್ಲ. ಮನೆಗೆ ಫೋನ್ ಮಾಡಿದಾಗ ಮನೆಯ ಕನ್ನಡವೇ ಆಡಿ.

ಪಟ್ಟಿ ಸಿದ್ಧವಾದ ಮೇಲೆ ನನಗೆ ಕಳಿಸಿ. ಯಾವ ಪದದಿಂದ ಶುರು ಮಾಡಬೇಕು ಎಂದು ಗುರುತು ಹಾಕಿ ಕೊಡುತ್ತೇನೆ. ಅಲ್ಲಿಯವರೆಗೆ ಕೋರ್ಸಿನ ದುಡ್ಡು ನಿಮ್ಮ ಹತ್ತಿರವೇ ಇರಲಿ.